ಸಾಲಿನಲ್ಲಿ ಕೇಳಿದ ಪ್ರಶ್ನೆ

ಲಾಕ್‌ಡೌನ್ ಶುರುವಾಗಿ ಐದನೇ ವಾರ, ರಂಜಾನ್ ತಿಂಗಳು. ಕಲಬುರಗಿಯ ರೋಜಾ ಬಡಾವಣೆಯವರು ಬಡವರಿಗೆಂದು ಕೂಡಿಸಿದ ಜಕಾತಿನ, ಅಂದರೆ ಕಡ್ಡಾಯ ದಾನದ, ದುಡ್ಡಿನಲ್ಲಿ ರೇಷನ್ ಚೀಲ ಕಟ್ಟಿಸಿಕೊಂಡು ಮುಬಶ್ಶಿರಾ ಕಮಲಾಪುರಕ್ಕೆ ಹಂಚಲು ಬಂದಿದ್ದಳು. ಚೀಲ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಬೇಕಿತ್ತು. ಪೈಗಂಬರರ ವಂಶದವರಾದ ಸೈಯದರು ಜಕಾತು ಮುಟ್ಟುವುದಿಲ್ಲ. ಅವರಿಗೆ ಬೇರೆ ದುಡ್ಡಿನಿಂದ, ಕಾಣಿಕೆಯೆಂದು ಕೊಡಬೇಕು. ಹಿಂದಿನ ದಿನ ಯಾರನ್ನೋ ಕೇಳದೆ ಬಿಟ್ಟಳೆಂದು ಸಮಿತಿಯ ಇಮಾಮುದ್ದೀನ್ ಚಾಚಾ ಎಲ್ಲರೆದುರು ಗದರಿದ್ದರು.

ಸಾಲಿನಲ್ಲಿ ಮುಂದೆ ಬಂದು ನಿಂತ ಹೆಂಗಸು ಮಾಸ್ಕು ಹಾಕಿದ್ದರೂ ಆ ಕಣ್ಣುಗಳನ್ನು ಮುಬಶ್ಶಿರಾ ಮರೆಯುವಂತಿರಲಿಲ್ಲ. ಹೈಸ್ಕೂಲಿನಲ್ಲಿ ಮೂರು ವರ್ಷ ಉರ್ದು ಕಲಿಸಿದ ಬಷೀರುನ್ನೀಸಾ ಟೀಚರ್. ಅವರು ಸೈಯದರೆಂಬುದು ಇಡೀ ಶಾಲೆಗೆ ಗೊತ್ತಿತ್ತು. ಖಾಸಗಿ ಶಾಲೆ ಮುಚ್ಚಿದೆ, ಸಂಬಳ ನಿಂತಿದೆ ಎಂಬುದನ್ನು ಯಾರೂ ಹೇಳಬೇಕಿರಲಿಲ್ಲ.

ಏನೂ ಕೇಳದೆ ಚೀಲ ಕೈಗಿಟ್ಟು, ಅದರ ಬದಲು ಸ್ವಂತ ದುಡ್ಡಿನದೊಂದು ಚೀಲವನ್ನು ಜಕಾತಿನ ರಾಶಿಗೆ ಸೇರಿಸಿಬಿಡಬಹುದಿತ್ತು. ಅದು ಹೊಳೆದದ್ದು ಆಮೇಲೆ. ಬೆನ್ನ ಹಿಂದೆ ಚಾಚಾ ನಿಂತಿದ್ದರು. ಅವಳು ಕಾಗದದಿಂದ ಕಣ್ಣೆತ್ತಲಿಲ್ಲ.

"ನೀವು ಸೈಯದರೇನ್ರೀ?"

ಕಾಣಿಕೆಯ ಚೀಲ ಬರಲು ಇನ್ನೂ ಎರಡು ದಿನವೆಂದು ಈಗಷ್ಟೇ ಸಾಲಿನಲ್ಲಿ ಮುಂದಿದ್ದ ಸೈಯದರೊಬ್ಬರಿಗೆ ಅವಳು ಹೇಳಿದ್ದನ್ನು ಟೀಚರ್ ಕೂಡ ಕೇಳಿಸಿಕೊಂಡಿದ್ದರು.

"ಅಲ್ಲಮ್ಮ," ಎಂದರು. ಚೀಲ ಎತ್ತಿಕೊಂಡು ಹೋದರು.

ಸಂಜೆ ಮುಬಶ್ಶಿರಾ ಸ್ವಂತ ದುಡ್ಡಿನಲ್ಲಿ ಅಂಥದೇ ಚೀಲ ತುಂಬಿಸಿಕೊಂಡು ಮನೆ ಹುಡುಕಿದಳು. ಪಕ್ಕದ ಮನೆಯ ದುಂಡಮ್ಮ, ಕೂಲಿ ನಿಂತು ಕಟ್ಟೆಯ ಮೇಲೆ ಕುಳಿತಿದ್ದವಳು, ಬಾಗಿಲು ತೋರಿಸಿದಳು. "ಹೆಸರು ಹೇಳಿ ಕರೀರಿ. ಕೊರೊನಾ ಸರ್ವೇದಾಕಿ ಅಂತ ತಿಳದ್ರ ತೆರ್ಯಾಂಗಿಲ್ಲ."

ಟೀಚರ್ ಬಾಗಿಲು ಅರ್ಧ ತೆರೆದರು. ಇದು ಜಕಾತಲ್ಲ, ತನ್ನ ಕಾಣಿಕೆ, ಮಧ್ಯಾಹ್ನದ ಚೀಲ ವಾಪಸು ಕೊಟ್ಟರೆ ಬದಲಿಸುತ್ತೇನೆ ಎಂದು ಮುಬಶ್ಶಿರಾ ಒಂದೇ ಉಸಿರಿಗೆ ಹೇಳಿದಳು.

"ಅದರಾಗಿನ ಅಕ್ಕಿ ಒಲಿ ಮ್ಯಾಲ ಅದ," ಎಂದರು ಟೀಚರ್. ಆಮೇಲೆ ಕೇಳಿದರು: "ಅಂದ್ರ, ನೀ ನನ್ನ ಗುರುತು ಹಿಡದಿದ್ದಿ?"

ಮುಬಶ್ಶಿರಾ ತಲೆಯಾಡಿಸಿದಳು.

"ಹಿಡದಿಲ್ಲ ಅಂತ ತಿಳಕೊಂಡಿದ್ದೆ. ಅಷ್ಟರ ಸಮಾಧಾನ ಇತ್ತು."

"ನಂದ ತಪ್ಪು ರೀ ಟೀಚರ್."

"ಮಂದಿ ಮುಂದ ಅಲ್ಲಂತ ಹೇಳೀನಿ. ಈಗ ಕಾಣಿಕಿ ಯಾವ ಬಾಯಿಲಿ ತಗೊಳ್ಳಲಿ? ದುಂಡಮ್ಮಗ ಕೊಡು. ಆಕೀಗಿ ಏನೂ ಕೇಳಲಾರ್ದ ಕೊಡು."

ಬಾಗಿಲು ಸದ್ದಿಲ್ಲದೆ ಮುಚ್ಚಿತು. ಮುಬಶ್ಶಿರಾ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಇದ್ಯಾಕೆ ತನಗೆಂದು ದುಂಡಮ್ಮ ಕೇಳುತ್ತಲೇ ಇದ್ದಳು. ಮುಬಶ್ಶಿರಾ ಚೀಲವನ್ನು ಅವಳತ್ತ ಸರಿಸಿ ನಡೆದಳು.