ಹದಿನಾಲ್ಕು ಸ್ಕ್ರೀನ್‌ಶಾಟ್

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ‘ಮೆಹದಿಪಟ್ಟಣಂನಲ್ಲಿ ಬಸ್ ಹತ್ತಿದ ದೀಪಾಲಿ ಕಿಟಕಿಯಾಚೆಯ ಸಂಜೆಯ ಬಣ್ಣಗಳನ್ನು ನೋಡುತ್ತಿದ್ದಳು’ ಎಂದು ಬರೆದೆ. ಹೊಡೆದುಹಾಕಿದೆ. ದೀಪಾಲಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. (ಮೊದಲ ವಾಕ್ಯದಲ್ಲೇ ತಪ್ಪು. ನನ್ನ ಯೋಗ್ಯತೆ ಗೊತ್ತಾಯಿತಲ್ಲ?)

೨
ಹಾಗಾದರೆ ಸಿಟ್ಟಿನಿಂದಲೇ ಶುರು ಮಾಡುತ್ತೇನೆ, ಹೇಗೂ ತಲೆ ಕುದಿಯುತ್ತಿದೆ. ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಇದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತಿದ್ದಬಹುದು. ಮಾಡಿದ್ದು ಕಣ್ಣು ಕಾಣದವರಿಗೆಂದೇ. ನಡೆಸುವವನು ಗಚ್ಚಿಬೌಲಿಯ ನಿಶಾಂತ. ತಿದ್ದಲು ಬರುವವರು ಮೊದಲು ತಮ್ಮ ಕಂಪ್ಯೂಟರಿನಲ್ಲಿ ತಂಡದ ಸೆಟಪ್ ಹಾಕಿಕೊಳ್ಳಬೇಕು. ಎಲ್ಲರದೂ ಒಂದೇ ಥರ ಇದ್ದರೆ ಮಾತ್ರ ಒಳಗೆ ಪ್ರವೇಶ. ಅದಕ್ಕೊಂದು ಗೈಡ್ ಇದೆ. ಹದಿನಾಲ್ಕು ಹೆಜ್ಜೆ, ಹದಿನಾಲ್ಕು ಸ್ಕ್ರೀನ್‌ಶಾಟ್. ಪ್ರತಿ ಹೆಜ್ಜೆಗೂ ಅದೇ ವಾಕ್ಯ: ಕೆಳಗಿನ ಚಿತ್ರದಲ್ಲಿ ಇರುವಂತೆ ಮಾಡಿ.

ಇನ್ನೊಮ್ಮೆ ಓದಿ. ಕಣ್ಣು ಕಾಣದವರ ಸಾಫ್ಟ್‌ವೇರ್. ಚಿತ್ರದ ಗೈಡ್.

೩
ದೀಪಾಲಿ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ಪುಸ್ತಕದಲ್ಲಿ ಕೋಷ್ಟಕ ಬಂದರೆ ಈ ಸಾಫ್ಟ್‌ವೇರ್ ಸದ್ದಿಲ್ಲದೆ ಹಾರಿಸಿಬಿಡುತ್ತದೆ. ಪರೀಕ್ಷೆಗೆ ಓದುವವರಿಗೆ ಅರ್ಧ ಪಾಠ ಕೇಳಿಸುವುದೇ ಇಲ್ಲ. ಅವಳು ತಪ್ಪು ಎಲ್ಲಿದೆ ಎಂದು ಹುಡುಕಿದಳು, ಏಳು ಸಾಲಿನ ತಿದ್ದುಪಡಿ ಬರೆದಳು, ಸೆಟಪ್ ಹಾಕಲು ಕೂತಳು. ಪರದೆಯ ಮೇಲಿನದನ್ನು ಓದಿ ಹೇಳುವ ಅವಳ ಕಂಪ್ಯೂಟರ್ ಹದಿನಾಲ್ಕು ಸಲ ‘ಚಿತ್ರ’ ಎಂದು ಹೇಳಿ ಸುಮ್ಮನಾಯಿತು.

ದೂರು ಹಾಕಿದಳು. ‘ನನ್ನ ಮಷೀನಿನಲ್ಲಿ ಸರಿಯಾಗಿ ಕಾಣಿಸುತ್ತಿದೆ’ ಎಂದು ಒಂದು ಸಾಲು ಬರೆದು ನಿಶಾಂತ ದೂರನ್ನು ಮುಚ್ಚಿದ. ಮತ್ತೆ ಹಾಕಿದಳು, ಮತ್ತೆ ಮುಚ್ಚಿದ. ಮೂರನೆಯ ಸಲ ತನಗೆ ಕಣ್ಣು ಕಾಣುವುದಿಲ್ಲ ಎಂದು ಬರೆದಾಗ ಅವನಿಂದಲೇ ಫೋನ್ ಬಂತು. ದೊಡ್ಡ ಮನಸ್ಸು ಮಾಡಿದವನಂತೆ, ಆ ಏಳು ಸಾಲು ವಾಟ್ಸಾಪ್ ಮಾಡಿ, ನಾನೇ ಸೇರಿಸಿಬಿಡುತ್ತೇನೆ ಎಂದ.

“ನಾ ಬರದದ್ದು ನಾನ ಹಾಕತೀನ್ರಿ,” ಎಂದಳು ದೀಪಾಲಿ. “ಬಾಗಿಲದಾಗ ನಿಂತು ಸಾಮಾನ ಕೊಟ್ಟು ಹೋಗಾಕ ನಾ ಡೆಲಿವರಿಗೆ ಬಂದಾಕಿ ಅಲ್ಲ.”

೪
ಮುಕ್ತಾಯ ಒಂದು: ನಿಶಾಂತ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. (ಅವನ ಪರಿಚಯ ನಿಮಗಿಲ್ಲ.)

ಮುಕ್ತಾಯ ಎರಡು: ಅಡೆತಡೆಗಳನ್ನೆಲ್ಲ ದಾಟಿ ದೀಪಾಲಿ ಗೆಲ್ಲುತ್ತಾಳೆ. ವೇದಿಕೆ, ಶಾಲು, ಚಪ್ಪಾಳೆ.

ಇಲ್ಲಿಯವರೆಗೆ ಬರೆದು ಅವಳಿಗೇ ಕಳಿಸಿದೆ. (ಕೋಷ್ಟಕ ಇಲ್ಲದ್ದರಿಂದ ಕಂಪ್ಯೂಟರ್ ಪೂರ್ತಿ ಓದಿ ಹೇಳಿತಂತೆ.) ಕೂಡಲೇ ಫೋನ್ ಮಾಡಿದಳು.

“ಶಾಲು ಬ್ಯಾಡ್ರಿ ಸರ್. ಒಂದ ಮಾತು ಕೇಳತೀನಿ. ಆ ಗೈಡ್ ಮಾಡಿದವರು ಯಾರು? ಅವರ ಹೆಸರು ಕಥ್ಯಾಗ ಯಾಕ ಬಂದಿಲ್ಲ?”

೫
(ಈ ಭಾಗವನ್ನು ನಾಲ್ಕು ಸಲ ಅಳಿಸಿದ್ದೇನೆ.)

ನಾನು. ಹದಿನಾಲ್ಕೂ ಚಿತ್ರ ನನ್ನವೇ. ಎರಡು ಶನಿವಾರ ಕೂತು ಕೆಂಪು ಬಾಣ ಎಳೆದೆ, ಕೊನೆಯದರ ಮೇಲೆ ‘ಎಷ್ಟು ಸುಲಭ ನೋಡಿ’ ಎಂದು ಬರೆದೆ. ಅಕ್ಷರದಲ್ಲಿ ವಿವರಿಸಲು ಬೇಜಾರಾಗಿತ್ತು, ಅಷ್ಟೇ. ನಿಶಾಂತನ ಮೇಲೆ ಇಷ್ಟು ಹೊತ್ತು ಕೂಗಾಡಿದ್ದು ಈ ಮಾತು ಬರದಿರಲಿ ಎಂದು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಈಗ ಒಂದೊಂದು ಚಿತ್ರವನ್ನೂ ಫೋನಿನಲ್ಲಿ ಅವಳಿಗೆ ಹೇಳುತ್ತಿದ್ದೇನೆ. ಆರು ಹೆಜ್ಜೆ ಆಯಿತು. ಏಳನೆಯದರಲ್ಲಿ ಬಾಣ ಎರಡು ಬಟನ್‌ಗಳ ನಡುವೆ ನಿಂತಿದೆ. ಯಾವುದನ್ನು ಒತ್ತಬೇಕೆಂದು ಎಳೆದವನಿಗೇ ನೆನಪಿಲ್ಲ.

“ಆರು ಆತ್ರಿ,” ಎನ್ನುತ್ತಾಳೆ ದೀಪಾಲಿ. “ಮುಂದ ಹೇಳ್ರಿ.”

೬
ಸಾಕು, ಮುಗಿಸು ಎನ್ನುತ್ತೀರಿ. ಮುಗಿಸುವುದಿಲ್ಲ. ಅವಳು ಹೊರಗೇ ನಿಂತಿರುವಾಗ ನಿಮಗೊಬ್ಬರಿಗೆ ಮುಕ್ತಾಯ ಯಾಕೆ? ಬೇಕೇ ಬೇಕು ಎಂದರೆ ತಗೊಳ್ಳಿ.

೭
ಕೆಳಗಿನ ಚಿತ್ರದಲ್ಲಿ ಇರುವಂತೆ ಮಾಡಿ.

[ಚಿತ್ರ]

ಕಾಣಿಸುತ್ತಿಲ್ಲವೇ? ನನ್ನ ಮಷೀನಿನಲ್ಲಿ ಸರಿಯಾಗಿ ಕಾಣಿಸುತ್ತಿದೆ.