ದೇವಕಿ ತಲೆಯಾಡಿಸಿದಳು

ಒರೆಸುತ್ತಾನೆ, ಮತ್ತೆ ಒರೆಸುತ್ತಾನೆ, ಮೆಟ್ರೋದ ಎದುರು ಸೀಟಿನ ಟೈ ಕಟ್ಟಿದವನು ಹೆಬ್ಬೆರಳಿನಿಂದ ಫೋನಿನ ಗಾಜನ್ನು ಒರೆಸುತ್ತಲೇ ಇದ್ದಾನೆ, ಇವನಿಗೆ ಬರೆಯುವುದು ಅಂದರೆ ಇದು, ಕತ್ತು ಮುರಿದವನ ಹಾಗೆ ತಲೆ ತಗ್ಗಿಸಿ ಕೂತಿದ್ದಾನೆ, ಪಕ್ಕದಲ್ಲಿ ಬೆಂಕಿ ಬಿದ್ದರೂ ಎತ್ತುವವನಲ್ಲ, ನನ್ನ ಫೋನಿಗೆ ಬಟನ್ ಇದೆ ಕಣಯ್ಯಾ, ಒಂದೊಂದು ಅಕ್ಷರಕ್ಕೆ ಒಂದೊಂದು, ಒತ್ತಿದರೆ ಟಕ್ ಎನ್ನುತ್ತದೆ, ನೋಡದೆಯೇ ಬರೆಯಬಲ್ಲೆ, ಸರ್ಕಾರಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದ ಬೆರಳು ಇವು, ನಿನ್ನ ಮೂತಿಯನ್ನೇ ನೋಡುತ್ತಾ ನಿನಗೆ ಒಂದು ಪುಟ ಬೈಗುಳ ಬರೆಯಬಲ್ಲೆ, ದನಿ ಇಲ್ಲದವನಿಗೆ ಅದಕ್ಕಿಂತ ಇನ್ನೇನು ಬೇಕು— ಪಕ್ಕದ ಹೆಂಗಸು ನೋಡುತ್ತಾಳೆ, ನನ್ನ ಕತ್ತಿನ ತೂತಿಗೆ ಅಡ್ಡ ಕಟ್ಟಿದ ಬಿಳಿ ಬಟ್ಟೆಯನ್ನು, ನೋಡಲಿ, ಮೂರು ವರ್ಷದ ಹಿಂದೆ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು ತಾಯಿ, ಅಂಟುರೋಗವಲ್ಲ, ಬ್ಯಾಗನ್ನು ಹಾಗೆ ಎಳೆದುಕೊಳ್ಳಬೇಡಿ. ಅಗಲಾ ಸ್ಟೇಷನ್ ಓಖ್ಲಾ ವಿಹಾರ್, ಎನ್ನುತ್ತದೆ ಮೇಲಿನಿಂದ ಒಂದು ಹೆಣ್ಣುದನಿ, ಮುಖವಿಲ್ಲದ ಅವಳಿಗೂ ಒಂದು ದನಿ ಇದೆ, ದಿನಕ್ಕೆ ನೂರು ಸಲ ಅದನ್ನೇ ಹೇಳಿದರೂ ಜನ ಅವಳ ಮಾತು ಕೇಳಿ ಇಳಿಯುತ್ತಾರೆ, ನಾನು ಹೇಳಿದರೆ? ನಾನು ಸನ್ಯಾಸಿಯಾಗುತ್ತೇನೆ ಎಂದು ಹೇಳಿದರೆ ಕೊತ್ತಂಬರಿ ಸೊಪ್ಪು ತನ್ನಿ ಎನ್ನುತ್ತಾರೆ.

ಹಾಗೇ ಅಂದಳು, ಇವತ್ತು ಬೆಳಿಗ್ಗೆ, ನೋಯ್ಡಾದ ಮನೆಯ ಬಾಗಿಲಲ್ಲಿ, ನನ್ನ ಹೆಂಡತಿ ದೇವಕಿ. ಈ ತಿಂಗಳ ಕೊನೆಗೆ ಹಳೆಯ ಫೋನಿನಲ್ಲಿ ಮೆಸೇಜು ನಿಲ್ಲುತ್ತದೆಯಂತೆ, ಫೋನಿಗೆ ವಯಸ್ಸಾಯಿತಂತೆ, ಹತ್ತು ವರ್ಷಕ್ಕೇ ವಯಸ್ಸಾಗುವುದಾದರೆ ಅರವತ್ತೆರಡರ ನನ್ನನ್ನು ಎಲ್ಲಿಗೆ ಎಸೆಯುತ್ತಾರೆ, ಸರಿ, ನೆಹರೂ ಪ್ಲೇಸಿನ ಅಂಗಡಿಯವನು ಬರೆದ, ಬಟನ್ ಇರುವುದೇ ಹೊಸದು ಬಂದಿದೆ ಸರ್, ಒಂದೇ ಪೀಸು, ಇವತ್ತೇ ಬನ್ನಿ, ಅಷ್ಟರಲ್ಲಿ ಮಗಳು ಧಾರಿಣಿ ಗುರುಗ್ರಾಮದಿಂದ ವಿಡಿಯೋದಲ್ಲಿ, ಪಪ್ಪಾ ಪ್ಲೀಸ್, ಮ್ಯೂಸಿಯಂ ವಾಲಾ ಫೋನ್ ಮತ್ ಲೋ, ದೊಡ್ಡ ಸ್ಕ್ರೀನ್ ತಗೊಳ್ಳಿ, ನೀವು ಟೈಪ್ ಮಾಡಿದ್ರೆ ಅದೇ ಬೋಲ್ ದೇಗಾ ನಾ— ಯಾರ ದನಿಯಲ್ಲಿ ಮಗಳೇ, ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುತ್ತಾಳಲ್ಲ ಅವಳ ದನಿಯಲ್ಲಿ ನಾನು ನಿನ್ನಮ್ಮನಿಗೆ ಸಾರಿಗೆ ಉಪ್ಪಿಲ್ಲ ಎನ್ನಬೇಕೇ, ಬೇಡ ಎಂದು ಬರೆದು ಕರೆ ಕತ್ತರಿಸಿದೆ. ಅಡುಗೆಮನೆಗೆ ಹೋಗಿ ದೇವಕಿಯ ಮುಖದೆದುರು ಫೋನು ಹಿಡಿದೆ, ನೆಹರೂ ಪ್ಲೇಸಿಗೆ ಹೋಗಿ ಹೊಸ ಬಟನ್ ಫೋನು ತರುತ್ತೇನೆ, ಧಾರಿಣಿಯ ಮಾತು ಕೇಳಬೇಡ, ದೇವಕಿ ಒಲೆ ಸಣ್ಣ ಮಾಡಿದಳು, ಸೆರಗಿಗೆ ಕೈ ಒರೆಸಿದಳು, ನೋಡಿದಳು, ತಲೆಯಾಡಿಸಿದಳು, ಹೂಂ, ಆಯ್ತು ರೀ. ನಾನು ಚಪ್ಪಲಿ ಮೆಟ್ಟುವಾಗ ಕೇಳುತ್ತಾಳೆ, ಎಲ್ಲಿಗೆ ಹೊರಟ್ರಿ?

ಎಲ್ಲಿಗೆ ಹೊರಟ್ರಿ! ಈಗಷ್ಟೇ ತೋರಿಸಿದ್ದೆ, ಒಗ್ಗರಣೆಯ ಹೊಗೆ ಕೂಡ ಇನ್ನೂ ಆರಿರಲಿಲ್ಲ, ಮೈ ಉರಿಯಿತು, ನಿಂತಲ್ಲೇ ಬರೆದೆ, ನಾನು ಸನ್ಯಾಸಿಯಾಗಿ ಹರಿದ್ವಾರಕ್ಕೆ ಹೋಗುತ್ತಿದ್ದೇನೆ, ಇನ್ನು ಈ ಮನೆಗೆ ಬರುವುದಿಲ್ಲ, ಹಿಡಿದೆ ಮುಖದೆದುರು, ಕಣ್ಣು ಅಕ್ಷರದ ಮೇಲೆ ಒಂದು ಸಲ ಆ ಕಡೆ ಒಂದು ಸಲ ಈ ಕಡೆ ಓಡಿತು, ತಲೆಯಾಡಿಸಿದಳು, ಹೂಂ, ಆಯ್ತು, ಬರ್ತಾ ಒಂದು ಕಟ್ಟು ಕೊತ್ತಂಬರಿ ತನ್ನಿ. ಲಿಫ್ಟಿನಲ್ಲಿ ಕೆಳಗಿಳಿಯುತ್ತಾ ಹೊಳೆಯಿತು— ಓದುವುದಿಲ್ಲ ಇವಳು, ಮೂರು ವರ್ಷದಿಂದ ನಾನು ಬರೆದ ಒಂದಕ್ಷರವನ್ನೂ ಓದಿಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಬಾರಿಸಿದೆನಲ್ಲ, ಅಯ್ಯೋ ಎಷ್ಟು ಸೊಗಸಾಗಿ ಬಾರಿಸಿದೆ, ಜೋಕು ಬರೆದರೆ ನಕ್ಕಳು, ಬೈದರೆ ಸುಮ್ಮನಾದಳು, ನನ್ನ ಮುಖ ನೋಡಿಕೊಂಡು ನಕ್ಕಿದ್ದಾಳೆ, ನನ್ನ ಹುಬ್ಬು ನೋಡಿಕೊಂಡು ಸುಮ್ಮನಾಗಿದ್ದಾಳೆ, ಕಳ್ಳಿ. ಬರೆದದ್ದು ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ದೆಹಲಿಯಲ್ಲಿ ನಾವೆಲ್ಲ ಬರೆಯುವುದೇ ಹಾಗೆ, ಧಾರಿಣಿಗೆ ಕನ್ನಡ ಅಕ್ಷರ ಬಾರದು, ಇಲ್ಲಿ ಹುಟ್ಟಿದ ಯಾವ ಮಗುವಿಗೂ ಬಾರದು, ಹಾಗಾಗಿ ಮನೆಯ ಗ್ರೂಪಿನಲ್ಲಿ ಎಲ್ಲರೂ ಅದನ್ನೇ, ನನ್ನ ಬಟನ್ನುಗಳ ಮೇಲಿರುವುದೂ ಅದೇ ಅಕ್ಷರ. ಹೊಸದುರ್ಗದ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ದೇವಕಿ, ಊರಿಂದ ತರಿಸಿದ ಪಂಚಾಂಗವನ್ನು ಗಡಗಡ ಓದುತ್ತಾಳೆ, ಬಸ್ಸಿನ ಹಿಂದಿ ಬೋರ್ಡನ್ನು ಕೂಡಿಸಿ ಕೂಡಿಸಿ ಓದಲು ಇಲ್ಲಿ ಕಲಿತಳು, ಇಂಗ್ಲಿಷಿನಲ್ಲಿ ಫ್ಲ್ಯಾಟ್ ನಂಬರು ಬಿಟ್ಟರೆ ಇನ್ನೇನು ಓದಿದ್ದನ್ನು ಕಂಡಿದ್ದೇನೆ, ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅವಳ ಉತ್ತರ ಒಂದೇ, ಹೆಬ್ಬೆರಳಿನ ಚಿತ್ರ. ಗೊತ್ತಾಗಬೇಕಿತ್ತು ನನಗೆ, ಮೂರು ವರ್ಷ ಯಾಕೆ ಬೇಕಾಯಿತು, ಆದರೆ ಅವಳು ಬಾಯಿಬಿಟ್ಟು ಹೇಳಬಾರದಿತ್ತೇ, ರೀ ನನಗೆ ಈ ಅಕ್ಷರ ಹತ್ತೋದಿಲ್ಲ ಅಂತ, ದನಿ ಇರುವವಳು ಅವಳು, ಹೋಗಿರುವುದು ನನ್ನದು!

ಸಾರಿನ ಉಪ್ಪು ಹಾಳಾಗಲಿ, ಜೋಕು ಹಾಳಾಗಲಿ, ಅವಕ್ಕೆಲ್ಲ ನಾನು ಇಷ್ಟು ಉರಿಯುತ್ತಿಲ್ಲ. ಕಾಲ್ಕಾಜಿಯಲ್ಲಿ ಗಾಡಿ ಬದಲಿಸಬೇಕು, ಎಸ್ಕಲೇಟರಿನಲ್ಲಿ ನಿಂತವರೆಲ್ಲ ಒರೆಸುತ್ತಿದ್ದಾರೆ, ದಾರಿ ಬಿಡ್ರಯ್ಯಾ— ಆಸ್ಪತ್ರೆಯಲ್ಲಿ, ಆಪರೇಷನ್ ಆದ ಮೂರನೆಯ ದಿನ, ಸಂಜೆ ನಾಲ್ಕರ ಭೇಟಿಯ ಹೊತ್ತು, ಮೂಗಿನಲ್ಲಿ ನಳಿಗೆ, ದೇವಕಿ ಕಾಲ ಬಳಿ ಕೂತು ಟವೆಲು ಮಡಿಸುತ್ತಿದ್ದಳು, ಈ ಫೋನು ಕೈಗೆ ಕೊಡಿಸಿಕೊಂಡೆ, ದನಿ ಹೋದ ಮೇಲೆ ನಾನಾಡಿದ ಮೊದಲ ಮಾತು ಅದು, ಇಪ್ಪತ್ತು ನಿಮಿಷ ಬರೆದೆ, ಅಳುತ್ತಾ ಬರೆದೆ, ಅವಳ ಮುಖ ನೋಡುತ್ತಾ ಬರೆದೆ. ನಿಮ್ಮಮ್ಮ ಹೋದ ದಿನದ್ದು ಅಂತ ಬರೆದೆ. ತೊಂಬತ್ತೆಂಟು, ಪಾರ್ಲಿಮೆಂಟ್ ಸೆಷನ್ ನಡೆಯುತ್ತಿತ್ತು, ಮಂತ್ರಿಗಳು ಉತ್ತರ ಕೊಡಬೇಕಾದ ಪ್ರಶ್ನೆಗಳ ಕಡತ ನನ್ನ ಮೇಜಿನ ಮೇಲೆ, ನಾನು, ಸೆಕ್ಷನ್ ಆಫೀಸರು ಗೋಪಿನಾಥ, ಇಲ್ಲದಿದ್ದರೆ ದೇಶ ಮುಳುಗಿಹೋಗುತ್ತಿತ್ತಲ್ಲ, ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು, ದೇವಕಿ ಕಂದು ರೆಕ್ಸಿನ್ ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು ಬಾಗಿಲಲ್ಲಿ ನಿಂತಳು, ನಾನು ಕೂಗಿದೆ, ರಜಾ ಸಿಗಲ್ಲ, ಒಬ್ಬಳೇ ಎರಡು ದಿನ ರೈಲಲ್ಲಿ ಹೋಗ್ತೀಯಾ, ಹೋಗಿ ಏನ್ ಮಾಡ್ತೀಯ, ನೀನು ಹೋದ್ರೆ ನಿಮ್ಮಮ್ಮ ಎದ್ದು ಕೂರ್ತಾರಾ. ಹಾಗೆ ಕೂಗಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಗಾದೆ ಗೊತ್ತಿರುವುದು ಬೇರೆ, ಬಾಯಿ ಮುಚ್ಚುವುದು ಬೇರೆ, ಅವಳು ಊರು ಸೇರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆಸ್ಪತ್ರೆಯಲ್ಲಿ ಅದನ್ನೆಲ್ಲ ಬರೆದು, ತಪ್ಪಾಯಿತು, ನನ್ನನ್ನು ಕ್ಷಮಿಸು ಎಂದು ಬರೆದು, ಹಿಡಿದೆ. ದೇವಕಿ ಟವೆಲು ಕೆಳಗಿಟ್ಟಳು, ನೋಡಿದಳು, ತಲೆಯಾಡಿಸಿದಳು, ಹೂಂ, ಆಯ್ತು, ಮಲಕ್ಕೊಳ್ಳಿ. ಮಲಗಿದೆ! ಮೂರು ವರ್ಷ ನಿರಾಳವಾಗಿ ಮಲಗಿದೆ, ಕೋರ್ಟಿನಲ್ಲಿ ಖುಲಾಸೆಯಾದವನ ಹಾಗೆ ಮನೆ ತುಂಬ ಓಡಾಡಿದೆ, ಅವಳು ಓದಿರಲೇ ಇಲ್ಲ. ಇನ್ನೊಮ್ಮೆ ಹೇಳಬೇಕೇ ನಾನು ಅದನ್ನು, ಎಲ್ಲಿಂದ ತರಲಿ, ಅಂಥ ಮಾತು ಒಬ್ಬ ಮನುಷ್ಯನ ಹೊಟ್ಟೆಯಿಂದ ಎರಡು ಸಲ ಬರುತ್ತದೆಯೇ, ಸಿಟ್ಟು ಬರುತ್ತದೆ ದೇವಕಿ, ನಿನ್ನ ಮೇಲೆ ತಡೆಯಲಾಗದ ಸಿಟ್ಟು ಬರುತ್ತದೆ.

ಆಯಿಯೇ ಆಯಿಯೇ ಸರ್ ಜೀ, ಅಂಗಡಿಯವನು ಡಬ್ಬಿ ಬಿಚ್ಚುತ್ತಾನೆ, ನೆಹರೂ ಪ್ಲೇಸಿನ ಗದ್ದಲವೆಲ್ಲ ಆ ಗಾಜಿನ ಕಪಾಟಿನ ಆಚೆ, ಹೊಸ ಫೋನು ಅಂಗೈಯಲ್ಲಿ ತಣ್ಣಗಿದೆ, ಬಟನ್ನುಗಳು ಹಳೆಯದಕ್ಕಿಂತ ನಯ, ಒತ್ತಿದೆ, ಟಕ್, ಆಹಾ, ಬೆರಳು ತಾವಾಗಿಯೇ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ, ಇದರಲ್ಲಿ ನಾನು ನಾನೇ, ಇದರಲ್ಲಿ ಮಾತಿಗೆ ಮಾತು, ಏಟಿಗೆ ಏಟು, ಪ್ಯಾಕ್ ಕರ್ ದೂಂ? ತಾಳು ಎಂದು ಕೈ ತೋರಿಸಿ ಅದರಲ್ಲೇ ಬರೆದು ಕೇಳುತ್ತೇನೆ, ಭಯ್ಯಾ, ಇದರಲ್ಲಿ ಕನ್ನಡ ಅಕ್ಷರ ಬರುತ್ತದೆಯೇ, ಅವನು ಓದಿ ಸಲೀಸಾಗಿ ನಗುತ್ತಾನೆ, ಅಂಗ್ರೇಜಿ ಬಟನ್ ಹೈ ಸರ್ ಜೀ, ಮದ್ರಾಸಿ ಚಾಹಿಯೇ ತೋ ಯೇ ಲೋ, ಎಂದು ಅಗಲ ಗಾಜಿನದೊಂದನ್ನು ಮುಂದೆ ತಳ್ಳುತ್ತಾನೆ, ಮದ್ರಾಸಿಯಲ್ಲ ಕಣೋ, ಮೂವತ್ತೆಂಟು ವರ್ಷದಿಂದ ಈ ಊರಿನವರಿಗೆ ಹೇಳಿ ಹೇಳಿ ಗಂಟಲು ಹೋಯಿತು ನನ್ನದು, ಗಾಜಿನ ಮೇಲೆ ಅವನು ಏನೋ ಒತ್ತುತ್ತಾನೆ, ಅಆಇಈ ಸಾಲಾಗಿ ಎದ್ದು ಬರುತ್ತವೆ, ದೊಡ್ಡದಾಗಿ, ಪಂಚಾಂಗದ ಅಕ್ಷರಕ್ಕಿಂತ ದೊಡ್ಡದಾಗಿ, ಒಲೆಯ ಮುಂದೆ ಕನ್ನಡಕವಿಲ್ಲದೆ ಓದಬಹುದಾದಷ್ಟು. ಆದರೆ ಇದರಲ್ಲಿ ತಲೆ ತಗ್ಗಿಸಿ ಬರೆಯಬೇಕು, ಅವಳ ಮುಖ ನೋಡಿ ಬರೆಯಲಾಗುವುದಿಲ್ಲ, ಒಂದು ವಾಕ್ಯ ಬರೆಯುವಷ್ಟರಲ್ಲಿ ಸಿಟ್ಟು ಆರಿ ತಣ್ಣಗಾಗಿರುತ್ತದೆ, ಟಕ್ ಇಲ್ಲ, ಏನೂ ಇಲ್ಲ, ಒರೆಸುವುದು. ಕೌನ್ಸಾ ಸರ್ ಜೀ? ಗಾಜಿನದರತ್ತ ಬೆರಳು ತೋರಿಸುತ್ತೇನೆ, ಹಲ್ಲು ಕಚ್ಚಿಕೊಂಡು ತೋರಿಸುತ್ತೇನೆ, ಬಟನ್ನಿನ ಫೋನನ್ನು ಅವನು ಮತ್ತೆ ಡಬ್ಬಿಗೆ ಹಾಕುವುದನ್ನು ನೋಡಲಾರದೆ ಈ ಗಾಜಿನ ಮೇಲೆ ಅಕ್ಷರ ಹುಡುಕುತ್ತೇನೆ, ದ ಸಿಕ್ಕಿತು, ಅದರ ಏತ್ವ ಸಿಗುವುದಿಲ್ಲ, ಬೇರೇನೋ ಬೀಳುತ್ತದೆ, ಅಳಿಸು, ಮತ್ತೆ ಒತ್ತು, ಥೂ, ದೇವಕಿ, ಅವತ್ತು ನಿಮ್ಮಮ್ಮ ಹೋದಾಗ ನಾನು ಕೂಗಿದ್ದು— ಅವತ್ತು ನಾನು ಕೂಗಿದ್ದು ಆಗ ನಾವಿದ್ದ ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿನ ಇಡೀ ಬ್ಲಾಕಿಗೆ ಕೇಳಿಸಿತು, ಎದುರು ಮನೆಯವರು ಬಾಗಿಲು ತೆರೆದರು, ಎಂಥ ಗಂಟಲಿತ್ತು ನನಗೆ, ಒಂದೊಂದು ಮಾತೂ ಅವಳಿಗೆ ಕೇಳಿಸಿತ್ತು, ಅವಳ ಭಾಷೆಯಲ್ಲೇ ಆಡಿದ್ದೆ, ಅವಳು ಅಳಲಿಲ್ಲ, ಎದುರಾಡಲಿಲ್ಲ, ಬ್ಯಾಗನ್ನು ಕೆಳಗೂ ಇಡಲಿಲ್ಲ, ಪ್ಯಾಕ್ ಹೋ ಗಯಾ ಸರ್ ಜೀ, ಸರ್ ಜೀ? ಎರಡು ಸೀರೆಯ ಬ್ಯಾಗನ್ನು ಎದೆಗೆ ಅವುಚಿಕೊಂಡು ನನ್ನ ಹುಬ್ಬನ್ನೇ ನೋಡುತ್ತಾ ನಿಂತಿದ್ದಾಳೆ, ತಲೆಯಾಡಿಸುತ್ತಾಳೆ, ಹೂಂ, ಆಯ್ತು ರೀ, ತಲೆಯಾಡಿಸುತ್ತಾಳೆ, ತಲೆಯಾಡಿಸುತ್ತಲೇ ಇದ್ದಾಳೆ