ಸುಣ್ಣದ ಸಾವಕಾರ

ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ದಾನೇಶ್ವರಿಗೆ ಅಪ್ಪನ ಹೆಸರು ಸಿಗಲಿಲ್ಲ. ಮುಂದೆ ಮುಖಕ್ಕೆ ಮಸಿ ಬಳಿದುಕೊಂಡ ನಾಯಕ, ಅವನ ಬೆನ್ನಿಗೆ ಹೊಗೆಯುಗುಳುವ ಚಿಮಣಿಗಳು, ಕೆಳಗೆ ಕೆಂಪು ಅಕ್ಷರಗಳಲ್ಲಿ ‘ಮಸಿಮುಖ’. ಹಿಂದುಗಡೆ ಕಂಪನಿಯ ವಿಳಾಸ, ನಾಯಕ ನಾಯಕಿಯರ ಹೆಸರು, ಒಳಗೆ ಮೂರು ಸಿ.ಡಿ. ಇವೆ ಎಂಬ ಸೂಚನೆ, ‘ಥೇಟರಿನಲ್ಲಿ ತೋರಿಸದ ದೃಶ್ಯಗಳ ಸಮೇತ’ ಎಂಬ ಆಮಿಷ.

“ಬೆಳಕಿಗೆ ಹಿಡದು ನೋಡು. ಸಣ್ಣ ಅಕ್ಷರ ಇರಬೇಕು,” ಎಂದರು ಗಂಗಯ್ಯ.

“ಇಲ್ಲಪ್ಪಾ.”

“ಇರ್ಲಿ ಬಿಡು. ಡಬ್ಬಿ ಸಣ್ಣದೈತಿ. ಎಷ್ಟ್ ಮಂದೀದಂತ ಬರೀತಾರ?”

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ದಾನೇಶ್ವರಿ ರಾಮದುರ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಹುಬ್ಬಳ್ಳಿಯಿಂದ ಬರುವ ದಿನಪತ್ರಿಕೆಯೊಂದರ ಶುಕ್ರವಾರದ ಸಿನಿಮಾ ಪುಟಕ್ಕೆ ವಿಮರ್ಶೆಯನ್ನೂ ಬರೆಯುತ್ತಿದ್ದಳು. ‘ಮಸಿಮುಖ’ ಹಿಂದೆ ವಾರಪತ್ರಿಕೆಯೊಂದರಲ್ಲಿ ಚೌಕಟ್ಟು ಹಾಕಿ ಬರೆದ ಚಿತ್ರಗಳಾಗಿ ಬರುತ್ತಿದ್ದ ಕತೆ. ಬೆಳಗೇ ಆಗದ ಒಂದು ಊರು, ಅಲ್ಲಿ ಸುಣ್ಣದ ಭಟ್ಟಿಗಳ ಒಡೆಯನೊಬ್ಬ, ಅವನ ಭಟ್ಟಿಯಲ್ಲಿ ಅಣ್ಣನನ್ನು ಕಳೆದುಕೊಂಡು ಮುಖಕ್ಕೆ ಮಸಿ ಬಳಿದುಕೊಂಡು ಓಡಾಡುವ ಒಬ್ಬ ಹುಡುಗ. ಎಂಬತ್ತರ ದಶಕದ ಕೊನೆಗೆ ಅದು ಸಿನಿಮಾ ಆದಾಗ ಮಕ್ಕಳು ಅತ್ತರು, ದೊಡ್ಡವರು ಎದ್ದು ಹೋದರು, ವಾರದೊಳಗೆ ಎಲ್ಲ ಥೇಟರುಗಳಿಂದಲೂ ಅದನ್ನು ತೆಗೆದರು. ಆಮೇಲೆ ಧಾರವಾಡದ ಹಾಸ್ಟೆಲುಗಳಲ್ಲಿ ಅದರ ಕ್ಯಾಸೆಟ್ಟು ಕೈಯಿಂದ ಕೈಗೆ ದಾಟಿತು. ಅದನ್ನು ನೋಡಿ ಹುಚ್ಚಾದ ಹುಡುಗರು ಈಗ ದೊಡ್ಡವರಾಗಿ, ಸಿ.ಡಿ. ಕೊಳ್ಳುವಷ್ಟು ಸಂಬಳ ತರುತ್ತಿದ್ದರು.

ಸಂಪಾದಕರು ಅದನ್ನು ವಿಮರ್ಶೆಗೆ ಕಳಿಸುವಾಗ, ಅದರಲ್ಲಿ ಆ ಒಡೆಯನ, ಸುಣ್ಣದ ಸಾವಕಾರನ, ಪಾತ್ರ ಮಾಡಿದವರು ದಾನೇಶ್ವರಿಯ ಅಪ್ಪ ಎಂಬುದು ಅವರಿಗೆ ಗೊತ್ತಿರಲಿಲ್ಲ. ರಾಮದುರ್ಗದಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಗಂಗಯ್ಯ ನಾಟಕ ಕಂಪನಿಯಲ್ಲಿ ಇದ್ದವರು. ಅದೊಂದೇ ಸಿನಿಮಾ ಮಾಡಿ ಊರಿಗೆ ಮರಳಿದರು. ಅಲ್ಲಿಂದ ಈಚೆಗೆ ಸುತ್ತಲಿನ ಹಳ್ಳಿಗಳಲ್ಲಿ ರೈತರಿಗೆ ನಾಟಕ ಕಲಿಸುವ ಮಾಸ್ತರರಾಗಿದ್ದರು. ಯಾವ ಊರಿಗೆ ಹೋದರೂ ಜನ ಅವರಿಂದ ಆ ಒಂದು ಮಾತನ್ನು ಆಡಿಸದೆ ಬಿಡುತ್ತಿರಲಿಲ್ಲ: “ಈ ಊರಿನ ಬಿಳುಪೆಲ್ಲ ನನ್ನದು! ನಿಮ್ಮ ಗೋಡೆ ನನ್ನದು, ನಿಮ್ಮ ಗೋರಿಯೂ ನನ್ನದು!” ಶಾಲೆಯಲ್ಲಿ ದಾನೇಶ್ವರಿ ‘ಸಾವಕಾರನ ಮಗಳು’ ಆಗಿಯೇ ಬೆಳೆದಿದ್ದಳು. ಆದರೆ ಸಿನಿಮಾ ನೋಡಿರಲಿಲ್ಲ. ಅದು ಬಂದಾಗ ಅವಳಿನ್ನೂ ಸಣ್ಣವಳು. ಕೂಸು ಹೆದರುತ್ತದೆಂದು ತಾಯಿ ಸುಂದರವ್ವ ಕರೆದುಕೊಂಡು ಹೋಗಿರಲಿಲ್ಲ.

“ಅಪ್ಪಾ, ಬ್ಯಾರೇದವ್ರ ಕಡೆ ಬರಸ್ರಿ ಅಂತ ಪೇಪರಿನ ಸಾಹೇಬ್ರಿಗೆ ಹೇಳ್ಲ್ಯಾ?”

“ಯಾಕ? ನೀ ಬರಿ. ಇದ್ದದ್ದ ಇದ್ದಂಗ ಬರಿ. ನಾ ಏನ್ ನೋಡಾಕ ಕೂಡೂದಿಲ್ಲ, ನನಗ ಕೆಲಸ ಐತಿ.”

ಹಾಗೆಂದವರು ರವಿವಾರ ಊಟವಾದ ಮೇಲೆ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಟಿ.ವಿ.ಯ ಎದುರು ಬಂದು ಕುಳಿತರು. ದಾನೇಶ್ವರಿ ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದಳು. ಸುಂದರವ್ವ ಬಾಗಿಲ ಸಂದಿಯ ಬೆಳಕಿನಲ್ಲಿ ಶೇಂಗಾ ಸುಲಿಯುತ್ತ ಕುಳಿತಳು.

ಸಿನಿಮಾ ದಾನೇಶ್ವರಿಯನ್ನು ಹಿಡಿದು ಕೂರಿಸಿತು. ಒಂದೊಂದು ದೃಶ್ಯವೂ ಚೌಕಟ್ಟಿನೊಳಗೆ ಬರೆದಂತೆ ಇತ್ತು. ಗೋಡೆಯಷ್ಟುದ್ದದ ನೆರಳು, ಖಾಲಿ ಬೀದಿ, ಒಂದೇ ಒಂದು ಲಾಂದ್ರ. ಸಿ.ಡಿ.ಯಲ್ಲಿ ಕಪ್ಪೆಲ್ಲ ಬೂದಿಬಣ್ಣದ ಚೌಕಗಳಾಗಿ ಒಡೆಯುತ್ತಿತ್ತು. ಅದನ್ನು ಬರೆಯಬೇಕೆಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

“ಇಡೀ ಊರು ಕತ್ಲ್ಯಾಗ ಓಡ್ಯಾಡಾಕ ಹತ್ತೇತಿ,” ಎಂದಳು ಸುಂದರವ್ವ. “ಯಾರರ ಒಬ್ಬರು ದೀಪಾ ಹಚ್ಚಬಾರದ?”

“ಸುಮ್ನ ಕುಂದ್ರು. ಈಗ ಬರತೇನಿ,” ಎಂದರು ಗಂಗಯ್ಯ.

ಬಂದರು. ಭಟ್ಟಿಯ ನೆತ್ತಿಯ ಮೇಲೆ, ಸುಣ್ಣ ಬಳಿದ ಮುಖ, ಕೆಂಪು ಕಣ್ಣು. ನಿಂತ ನಿಲುವಿಗೇ ದಾನೇಶ್ವರಿಯ ಮೈ ಜುಮ್ಮೆಂದಿತು. ಆಮೇಲೆ ಅವರು ಬಾಯಿ ತೆರೆದರು. ಎದೆ ಉಬ್ಬಿಸಿ, ಬಲಗೈ ಮೇಲೆತ್ತಿ, ಒಂದೊಂದು ಶಬ್ದವನ್ನೂ ನಾಟಕದ ಟೆಂಟಿನ ಹಿಂದಿನ ಸಾಲಿಗೆ ಎಸೆಯುವಂತೆ ಹೇಳಿದರು. ಕ್ಯಾಮೆರಾ ಮೊಳದ ದೂರದಲ್ಲಿತ್ತು. ಎದುರಿಗಿದ್ದ ನಾಯಕ ಪಿಸುಮಾತಿನಲ್ಲಿ ಉತ್ತರಿಸುತ್ತಿದ್ದ. ಎರಡು ಬೇರೆ ಸಿನಿಮಾಗಳನ್ನು ಕತ್ತರಿಸಿ ಅಂಟಿಸಿದಂತಿತ್ತು. ದಾನೇಶ್ವರಿ ಓರೆಗಣ್ಣಿನಿಂದ ನೋಡಿದಳು. ಅಪ್ಪ ತುಟಿ ಅಲುಗಿಸುತ್ತ ಪ್ರತಿ ಮಾತನ್ನೂ ತೆರೆಯ ಜೊತೆಗೇ ಹೇಳಿಕೊಳ್ಳುತ್ತಿದ್ದರು.

ಮೂರನೆಯ ಸಿ.ಡಿ.ಯಲ್ಲಿ ಕತೆ ಮುಗಿದ ಮೇಲೆ ಥೇಟರಿನಲ್ಲಿ ತೋರಿಸದ ದೃಶ್ಯಗಳಿದ್ದವು. ಅದರಲ್ಲೊಂದು ಪುಟ್ಟ ತುಣುಕು. ಸುಣ್ಣದ ಸಾವಕಾರ ಭಟ್ಟಿಯ ಹಿಂದೆ ಒಂದು ಕಲ್ಲಿನ ಮೇಲೆ ಒಬ್ಬನೇ ಕುಳಿತಿದ್ದಾನೆ. ಒದ್ದೆ ಟವೆಲ್ಲಿನಿಂದ ಮೆಲ್ಲಗೆ ಕೆನ್ನೆ ಒರೆಸಿಕೊಳ್ಳುತ್ತಾನೆ. ಉರಿಗೆ ಕಣ್ಣು ಮುಚ್ಚುತ್ತಾನೆ. ಟವೆಲ್ಲಿಗೆ ಹತ್ತಿದ ಬಿಳಿಯನ್ನು ನೋಡುತ್ತಾನೆ, ಮಡಿಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಅಷ್ಟೇ. ಮಾತಿಲ್ಲ. ಊರನ್ನೇ ಸುಟ್ಟ ಆ ಮನುಷ್ಯ ಎಷ್ಟು ದಣಿದಿದ್ದ ಎಂಬುದು ದಾನೇಶ್ವರಿಗೆ ಆಗ ತಿಳಿಯಿತು.

“ಅಪ್ಪಾ, ಇದನ್ನ ಹೆಂಗ ಮಾಡಿದಿ? ಇಡೀ ಸಿನಿಮಾದಾಗ ಇಂಥಾ ನಟನಿ ಯಾರೂ ಮಾಡಿಲ್ಲ.”

ಗಂಗಯ್ಯ ಕೆರೆದುಕೊಳ್ಳುವಂತೆ ಕೆನ್ನೆ ಮುಟ್ಟಿಕೊಂಡರು.

“ಅದು ನಟನಿ ಅಲ್ಲ ಯವ್ವಾ. ಆ ಬಣ್ಣ ಭಾಳ ಉರೀತಿತ್ತು. ಊಟಕ್ಕ ಬಿಟ್ಟಾಗ ಒರಸ್ಕೋಳಾಕ ಹತ್ತಿದ್ದೆ. ಕ್ಯಾಮೆರಾ ಚಾಲೂ ಇಟ್ಟಿದ್ರಂತ ನನಗ ಇವತ್ತ ಗೊತ್ತಾತು.”

ಸುಂದರವ್ವ ಶೇಂಗಾ ಬುಟ್ಟಿ ಬಿಟ್ಟು ನಗತೊಡಗಿದಳು. ಗಂಗಯ್ಯ ನಗಲಿಲ್ಲ.

“ಅದನ್ನ ಹೊಗಳಿ ಬರೀಬ್ಯಾಡ,” ಎಂದರು. “ನಾ ಮಾಡಿದ್ದಲ್ಲ ಅದು. ನಾ ಮಾಡಿದ್ದು ಭಟ್ಟಿ ಮ್ಯಾಲಿನ ಸೀನು. ಅದು ಹೆಂಗಾಗೇತಿ ಹೇಳು.”

ದಾನೇಶ್ವರಿ ಕಿಟಕಿಯ ಜಮಖಾನೆ ಬಿಚ್ಚುವ ನೆಪದಲ್ಲಿ ಎದ್ದಳು. “ಅದು... ಸ್ವಲ್ಪ ಜೋರಾತಪ್ಪಾ.”

“ಸ್ವಲ್ಪ?”

“ಭಾಳ ಜೋರಾತು.”

“ಹಂಗಂತ ಬರಿ.”

“ಏನ್ ಹಂಗಂತ ಬರಿ?” ಸುಂದರವ್ವ ಎದ್ದೇ ನಿಂತಳು. “ನಿಮ್ಮ ಧ್ವನಿ ನಂಬಿ ನಾಲ್ಕು ಊರವ್ರು ಕರೀತಾರ. ಮಗಳ ಪೇಪರನ್ಯಾಗ ಅಪ್ಪಗ ನಟನಿ ಬರೂದಿಲ್ಲ ಅಂತ ಬರದ್ರ ಯಾರು ಕರದಾರು? ದಾನೀ, ಟಾವೆಲ್ಲಿನ ಸೀನಷ್ಟ ಬರಿ, ಚಲೋ ಮಾಡ್ಯಾರ ಅಂತ. ಮುಗೀತು.”

“ಟಾವೆಲ್ಲಿಂದ ಬರದ್ರ ನಾ ಆ ಪೇಪರ್ ಮನ್ಯಾಗ ತರಗೊಡೂದಿಲ್ಲ,” ಎಂದು ಗಂಗಯ್ಯ ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಹೊರಟುಹೋದರು.

ಎರಡು ದಿನ ದಾನೇಶ್ವರಿ ಬರೆದು ಹರಿದಳು, ಹರಿದು ಬರೆದಳು. ಕೊನೆಗೆ ಸಂಪಾದಕರಿಗೆ ಫೋನು ಮಾಡಿ, “ಸರ್, ಇದರಾಗ ವಿಲನ್ ನಮ್ಮಪ್ಪ,” ಎಂದಳು. “ಹಂಗಾದ್ರ ಅದನ್ನ ಮೊದಲ ಸಾಲಿನ್ಯಾಗ ಬರೀರಿ. ಆಮ್ಯಾಲ ಏನರ ಬರೀರಿ,” ಎಂದು ಅವರು ಫೋನಿಟ್ಟರು.

ಅವಳು ಹಾಗೇ ಬರೆದಳು. ಸಿ.ಡಿ.ಯ ಕಳಪೆ ಮುದ್ರಣವನ್ನು ಬೈದಳು, ಸಿನಿಮಾವನ್ನು ಮನಸಾರೆ ಹೊಗಳಿದಳು. ಅಪ್ಪನ ಬಗ್ಗೆ ಹೀಗೆ ಬರೆದಳು: ‘ಗಂಗಯ್ಯನವರ ನಿಲುವಿನಲ್ಲಿರುವ ಭಯ ಅವರ ಮಾತಿನಲ್ಲಿಲ್ಲ. ಪಕ್ಕದಲ್ಲಿ ನಿಂತವನನ್ನು ಹೆದರಿಸಬೇಕಾದಾಗ ಅವರು ಪಕ್ಕದೂರಿಗೆ ಕೇಳುವಂತೆ ಕೂಗುತ್ತಾರೆ.’ ಟವೆಲ್ಲಿನ ದೃಶ್ಯದ ಬಗ್ಗೆ ಒಂದೇ ಸಾಲು ಬರೆದಳು: ‘ಮೂರನೆಯ ಸಿ.ಡಿ.ಯ ಕೊನೆಗೆ ಒಬ್ಬ ಮನುಷ್ಯ ಮುಖ ಒರೆಸಿಕೊಳ್ಳುತ್ತಾನೆ. ಅದನ್ನು ನೋಡದೆ ಏಳಬೇಡಿ.’

ಶುಕ್ರವಾರ ಪತ್ರಿಕೆ ಬಂತು. ಗಂಗಯ್ಯ ಅದನ್ನು ಓದಿ, ಮಡಿಚಿ, ಕಪಾಟಿನಲ್ಲಿ ಇಟ್ಟರು. ಮರುದಿನ ಸಂಗೊಳ್ಳಿಯ ಶಟ್ಟೆಪ್ಪ ಬಂದ. ಅವರೂರಿನ ನಾಟಕ ಕಲಿಸಲು ಮಾಸ್ತರರನ್ನು ಕರೆದೊಯ್ಯುವ ಮಾತಾಗಿತ್ತು. ಅವನ ಕೈಚೀಲದಿಂದ ಅದೇ ಪತ್ರಿಕೆ ಇಣುಕುತ್ತಿತ್ತು. ಸುಂದರವ್ವ ಚಹಾ ಕೊಟ್ಟು ಅಲ್ಲೇ ನಿಂತಳು.

“ಮಾಸ್ತರ, ನಮ್ಮೂರಾಗ ಇದನ್ನ ಓದ್ಯಾರ್ರಿ,” ಎಂದ ಶಟ್ಟೆಪ್ಪ, ಚಹಾದ ಬಶಿಯಿಂದ ಕಣ್ಣೆತ್ತದೆ. “ಮಗಳಾಗಿ ಬಾಯೇರು ಹಿಂಗ ಬರೀಬಾರದಿತ್ತು ಅಂತ ಕೆಲವರು ಅನ್ನಾಕ ಹತ್ಯಾರ.”

ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿ ಒಂದು ಹೆಜ್ಜೆ ಹಿಂದೆ ಸರಿದಳು.

“ತಾ ಇಲ್ಲೆ.” ಗಂಗಯ್ಯ ಪತ್ರಿಕೆ ಕಿತ್ತುಕೊಂಡು ಎದ್ದು ನಿಂತರು. ಎದೆ ಉಬ್ಬಿಸಿದರು. ಬಲಗೈ ತಾನಾಗಿಯೇ ಮೇಲೆದ್ದಿತು. “ಪಕ್ಕದಲ್ಲಿ ನಿಂತವನನ್ನು ಹೆದರಿಸಬೇಕಾದಾಗ, ಅವರು, ಪಕ್ಕದೂರಿಗೆ ಕೇಳುವಂತೆ ಕೂಗುತ್ತಾರೆ!” ಜಂತಿಯ ಮೇಲಿನ ಗುಬ್ಬಿ ಹಾರಿಹೋಯಿತು. “ಕೇಳಿದ್ಯಾ ಶಟ್ಟೆಪ್ಪ? ಎಂಥಾ ವಾಕ್ಯ! ನಲವತ್ತು ವರ್ಷ ಮಂದಿ ಬರದದ್ದ ಒದರೇನಿ, ನನ್ನ ಬಗ್ಗೆ ಇಂಥಾದ್ದೊಂದು ಸಾಲು ಯಾರೂ ಬರದಿರ್ಲಿಲ್ಲ. ನನ್ನ ಮಗಳು ಬರದಾಳ.”

ಶಟ್ಟೆಪ್ಪ ಚಹಾ ಮುಗಿಸಿ ನಕ್ಕ. “ನಡೀರಿ ಮಾಸ್ತರ. ನಮ್ಮೂರಿನ ಮೈಕ್ ಹೆಂಗೂ ಕೆಟ್ಟೇತಿ.”

ಮುಂದಿನ ರವಿವಾರ ಅಪ್ಪನಿಗೆ ಒಗೆದ ಬಟ್ಟೆ ಕೊಡಲು ದಾನೇಶ್ವರಿ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಂಗೊಳ್ಳಿಗೆ ಹೋದಳು. ಸಂಜೆ ಬಿಸಿಲು ಇಳಿದಿತ್ತು. ಗುಡಿಯ ಕಟ್ಟೆಯ ಮೇಲೆ ತಾಲೀಮು ನಡೆದಿತ್ತು. ರಾಜನ ಪಾತ್ರದ ರೈತ, ಮಗನನ್ನು ಮನೆಯಿಂದ ಹೊರಹಾಕುವ ಮಾತನ್ನು ಊರೆಲ್ಲ ಕೇಳುವಂತೆ ಒದರಿದ.

“ಇನ್ನೊಂದ ಸಲ,” ಎಂದರು ಗಂಗಯ್ಯ. “ತಡಿ, ನಾ ಹೇಳತೇನಿ.”

ಅವರು ಎದೆ ಉಬ್ಬಿಸಿದರು. ಕೈ ಎತ್ತಿದರು. ಆಮೇಲೆ ಏನನ್ನಿಸಿತೋ, ಕೈಯನ್ನು ಹಾಗೇ ಇಳಿಸಿ, ಮಗನ ಪಾತ್ರದ ಹುಡುಗನ ಹೆಗಲ ಮೇಲಿಟ್ಟರು. ಬಾಗಿ, ಅವನೊಬ್ಬನಿಗೇ ಹೇಳುವಂತೆ ಮಾತು ಶುರು ಮಾಡಿದರು. ಹಾರ್ಮೋನಿಯಂ ಪೇಟಿ ನುಡಿಸುವವನ ಬೆರಳು ನಿಂತವು. ಗುಡಿಯ ಪಕ್ಕದ ನಳದಲ್ಲಿ ನೀರು ಹಿಡಿಯುತ್ತಿದ್ದ ಮುದುಕಿಯೊಬ್ಬಳು, ಕೊಡ ಇನ್ನೂ ಅರ್ಧ ತುಂಬುವ ಮೊದಲೇ, ಕೈ ಚಾಚಿ ನಳ ಬಂದ್ ಮಾಡಿ ಕಟ್ಟೆಯ ಕಡೆ ಕಿವಿಗೊಟ್ಟಳು.